ಮಂದೆಯಂತೆ ತರುಬಿದ ಜೇನು

ನನ್ನಿವಾಳ
3 ಡಿಸೆಂಬರ್ 2023

ಲೇ ಓಬಳೇಶ,

ಹಾಗಂತ ಶೇಂಗಾ ಬೇರೆ, ಹುಳ ಬೇರೆ ಕಣೋ. ನಿನ್ನೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಅದನ್ನೇ ಹೇಳಬೇಕು ಅಂತ ಬಾಯಿ ತೆಗೆಯೋ ಹೊತ್ತಿಗೆ ನಿನ್ನ ಮೊಳಕಾಲ್ಮೂರು ಬಸ್ಸು ಬಂತು, ನೀನು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋಕೆ ಓಡಿದೆ. ಶೇಂಗಾ ಎಲ್ಲಿಂದಲೋ ಬಂತು, ಮೆಣಸಿನಕಾಯಿ ಎಲ್ಲಿಂದಲೋ ಬಂತು, ಇಟಲಿ ಜೇನುಹುಳ ಬಂದರೆ ಏನು ತಪ್ಪು ಅಂತ ಸಂಘದ ಮೀಟಿಂಗಿನಲ್ಲಿ ನೀನು ಕೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ, ಯಾಕೆಂದರೆ ಶೇಂಗಾ ಗಿಡ ಬೇಲಿ ಹಾರಿ ಹೋಗಿ ಪಕ್ಕದ ಹೊಲದ ತೊಗರಿಯನ್ನ ದೋಚಲ್ಲ. ಫಂಡಮೆಂಟಲ್ ಡಿಫರೆನ್ಸ್. ಇದನ್ನ ಅಲ್ಲೇ ಎದ್ದು ಹೇಳಬಹುದಿತ್ತು, ಆದರೆ ನೀನು ಹೇಳಿದ್ದು ಪೂರ್ತಿ ನನ್ನ ಕಿವಿಗೆ ಬೀಳೋದರೊಳಗೆ ಟೀ ಬಂದುಬಿಟ್ಟಿತ್ತು.

ಫೋನು ಮಾಡು ಅಂತೀಯ. ಬಲಗಿವಿಯನ್ನ ಎಣ್ಣೆ ಗಿರಣಿಗೆ ಕೊಟ್ಟು ಬಂದವನು ನಾನು, ರೈಟರ್ ಕೆಲಸ ಅಂತ ಹೆಸರು, ಕೂತಿದ್ದು ಮಾತ್ರ ಮಿಷನ್ನಿನ ಬಗಲಲ್ಲಿ. ಎಡಗಿವಿಗೆ ಹಾಕಿಕೊಂಡ ಯಂತ್ರದಲ್ಲಿ ನಿನ್ನ ಮಾತು ಬರಲ್ಲ, ನಿನ್ನ ಮಗ್ಗದ ಸದ್ದು ಬರುತ್ತೆ. ವಾಟ್ಸಾಪ್ ಗ್ರೂಪಿನಲ್ಲಿ ಬರೀ ಅಂದರೆ ಅಲ್ಲಿ ನಿನ್ನ ಮಗಳು ಮೌನಿಕಾ ನಾನು ಬರೆದದ್ದಕ್ಕೆಲ್ಲ ಕೈ ಮುಗಿಯೋ ಬೊಂಬೆ ಹಾಕ್ತಾಳೆ, ಈರುಳ್ಳಿ ಬೀಜ ಬೆಳೆಯೋ ಆ ಮಾರುತೇಶ ನಗೋ ಬೊಂಬೆ ಹಾಕ್ತಾನೆ. ಅದಕ್ಕೇ ಗ್ರೂಪು ಬಿಟ್ಟೆ. ಕಾಗದ ಆದರೆ ನೀನು ಕೂತು ಓದಬೇಕಾಗುತ್ತೆ.

ವಿಷಯಕ್ಕೆ ಬರ್ತೀನಿ. ಈ ಜೇನು ಸಂಘ ಕಟ್ಟಿದವಳು ನಿಮ್ಮಕ್ಕ ನಿರ್ಮಲಾ. ಎರಡು ತಾಲ್ಲೂಕಿನ ಒಳಗೆ ಹೊರಗಿನ ಹುಳ ತರಬಾರದು ಅನ್ನೋ ನಿಯಮ ಹೇಳಿದವಳೂ ಅವಳೇ, ಇಂಗ್ಲಿಷಿನಲ್ಲಿ ಬರೆದವನು ನಾನು. ಬಿ.ಎ. ಇಂಗ್ಲಿಷಿನಲ್ಲಿ ಮೂರು ಸಲ ಡುಮ್ಕಿ ಹೊಡೆದವನು ಬರೆದದ್ದನ್ನ ತೋಟಗಾರಿಕೆ ಡಿಪಾರ್ಟ್‌ಮೆಂಟಿನವರು ಒಂದಕ್ಷರ ತಿದ್ದದೆ ಇಟ್ಟುಕೊಂಡರು. ಅವಳೇನು ಸುಮ್ಮನೆ ಹೇಳಲಿಲ್ಲ. ತೊಂಬತ್ತರ ದಶಕದಲ್ಲಿ ಥಾಯ್ ರೋಗ ಬಂದು ಈ ನೆಲದ ನಮ್ಮ ತುಡುವೆ ಹುಳದ ಮರಿಗಳೆಲ್ಲ ಮೇಣದ ಎರಿಯೊಳಗೇ ನೀರಿನ ಚೀಲ ಆಗಿ ಸತ್ತದ್ದನ್ನ ನೋಡಿದ್ದಳು. ಆಮೇಲೆ ಎಷ್ಟೋ ವರ್ಷ ಈ ಸೀಮೆಯಲ್ಲಿ ಒಂದು ತುಡುವೆ ಕುಟುಂಬ ಸಿಗಲಿಲ್ಲ. ಹೊಂಗೆ ಹಳ್ಳದ ಹುತ್ತದೊಳಗೆ ಒಂದು ಇದೆ ಅಂತ ಕುರಿ ಕಾಯೋರು ಹೇಳಿದಾಗ ಇವಳು ಬರಿಗೈಯಲ್ಲಿ ಹುತ್ತಕ್ಕೆ ಕೈ ಹಾಕಿ, "ರಾ ತಲ್ಲಿ, ರಾ" ಅಂತ ನಿಮ್ಮ ತೆಲುಗಿನಲ್ಲಿ ಕರೀತಾ, ರಾಣಿಯನ್ನ ಹಿಡಿದು ತಂದಳು. ನಾನು ದೂರ ನಿಂತು ಕಂಬಳಿ ಹೊದ್ದಿದ್ದೆ. ಆ ಹುಳದ ಸಂತಾನವೇ ನಿಮ್ಮೆಲ್ಲರ ಮನೆಗೂ ಬಂದದ್ದು. ಒಬ್ಬೊಬ್ಬರೂ ಕಳಕೊಂಡಿರಿ. ನಿನ್ನ ಮಾಳಿಗೆ ಮೇಲಿನದು ಹೋದ ಬೇಸಿಗೆಯಲ್ಲಿ ಹಾರಿ ಹೋಯಿತು ಅಂದೆ.

ಈಗ ಉಳಿದಿರೋದು ನನ್ನ ಹಿತ್ತಲ ಹುಣಸೆ ಕೆಳಗಿನ ಒಂದೇ ಪೆಟ್ಟಿಗೆ. ಅವಳು ಹೋದ ಮೇಲೂ ಅದು ನಿಂತಿದೆ. ಅದರ ಪಕ್ಕಕ್ಕೆ ನೀನು ಲಾರಿಗಟ್ಟಲೆ ಇಟಲಿ ಹುಳ ತಂದು ಸುರೀತೀನಿ ಅಂತೀಯ. ಹೂವಿಲ್ಲದ ಕಾಲ ಬಂದರೆ ಆ ದಪ್ಪ ಹುಳ ಎಲ್ಲಿಗೆ ಬರ್ತಾವೆ? ಹೇಳು.

ಹತ್ತನೇ ತಾರೀಖಿನ ಮೀಟಿಂಗಿನಲ್ಲಿ ನೀನು ಅಧ್ಯಕ್ಷ. ನಿಮ್ಮಕ್ಕನ ನಿಯಮ ಮುರಿಯೋಕೆ ನೀನೇ ಕೈ ಎತ್ತಬೇಡ. ಬೇರೆಯವರು ಎತ್ತಲಿ.

ನಿನ್ನ ಭಾವ,
ಎರ್ರಿಸ್ವಾಮಿ


ಮೊಳಕಾಲ್ಮೂರು
14 ಡಿಸೆಂಬರ್ 2023

ಭಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಮೀಟಿಂಗಿಗೆ ಮುಂಚೆಯೇ ಬಂತು. ಎರಡು ಸಲ ಓದಿದೆ. ಎರಡನೇ ಸಲ ನಮ್ಮನೆಯವಳಿಗೆ ಕೇಳಿಸೋ ಹಾಗೆ ಓದಿದೆ, ಅವಳು ಕಂಬಳಿ ಹೊದ್ದ ಜಾಗದಲ್ಲಿ ನಕ್ಕಳು, ಅಕ್ಕ ಕರೆದ ಜಾಗದಲ್ಲಿ ಒಳಗೆ ಎದ್ದು ಹೋದಳು.

ಆದರೂ ಭಾವ, ಕೈ ಎತ್ತಿದೆ. ಸುಳ್ಳು ಹೇಳಲ್ಲ. ನೀವು ಬಂದು ಎದುರು ಕೂತಿದ್ದರೆ ಎತ್ತುತ್ತಿದ್ದೆನೋ ಇಲ್ಲವೋ. ನಿಮ್ಮ ಕುರ್ಚಿ ಖಾಲಿ ಇತ್ತು. ಬಸ್ಸು ಸಿಗಲಿಲ್ಲ ಅಂತ ಹೇಳಿ ಕಳಿಸಿದಿರಿ. ನನ್ನಿವಾಳದಿಂದ ಚಳ್ಳಕೆರೆಗೆ ಬಸ್ಸು ಸಿಗಲಿಲ್ಲ ಅಂದರೆ ಮೀಟಿಂಗಿನಲ್ಲಿ ಎಲ್ಲರೂ ತಲೆ ಬಗ್ಗಿಸಿ ನಕ್ಕರು.

ಮಾರುತೇಶ ಈರುಳ್ಳಿ ಹೂವಿನ ಚೆಂಡು ತಂದಿದ್ದ, ಹೋದ ಸಲದ್ದು, ಒಣಗಿಸಿ ಇಟ್ಟದ್ದು. ಅಂಗೈಯಲ್ಲಿ ಹಿಸುಕಿ ಊದಿದ. ಬರೀ ಹೊಟ್ಟು. ಬೀಜ ಕಟ್ಟಿಲ್ಲ. "ನಿಮ್ಮ ತುಡುವೆ ಎಲ್ಲಿ ಐತೆ ತೋರಿಸ್ರಿ, ಅದಕ್ಕೇ ಪೂಜೆ ಮಾಡ್ತೀನಿ. ಎರ್ರಿಸ್ವಾಮಪ್ಪನ ಹಿತ್ತಲಾಗೆ ಒಂದು ಡಬ್ಬ ಇಟ್ಕಂಡು ನನ್ನ ಹೊಲ ಪೂರಾ ಹೂವಿಗೆ ಹುಳ ಬಿಡ್ತಾರಾ?" ಅಂದ.  ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯಾ? ಬೀಜದ ಹೊಲ ಹಾಕಿದವರೆಲ್ಲ ಸಂಘದವರೇ. ಅಕ್ಕ ಇದ್ದಾಗ ಅವಳ ಪೆಟ್ಟಿಗೆಗಳು ಅವರ ಬದುವಿನಲ್ಲಿ ಇದ್ದವು, ಬೀಜ ಆಗ್ತಿತ್ತು. ಈಗ ಯಾವುದೂ ಇಲ್ಲ. ಹುಳ ಇಲ್ಲದ ಜೇನು ಸಂಘ ಇಟ್ಟುಕೊಂಡು ನಾನು ಅಧ್ಯಕ್ಷ ಅಂತ ಬೋರ್ಡು ಹಾಕಿಕೊಳ್ಳಲಾ?

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಾನು ನೇಯೋ ಸೀರೆ ಮೊಳಕಾಲ್ಮೂರಿನದು ಅಂತ ಲೋಕಕ್ಕೆಲ್ಲ ಹೆಸರು. ರೇಷ್ಮೆ ಎಲ್ಲೆಲ್ಲಿಂದ ಬರುತ್ತೆ ಗೊತ್ತಲ್ಲ. ಜರಿ ಎಲ್ಲಿಂದ ಬರುತ್ತೆ ಗೊತ್ತಲ್ಲ. ಹೊರಗಿನದು, ಹೊರಗಿನದು ಅಂತೀರಿ. ತೆಲುಗಿನಲ್ಲಿ ನೀರು ಕೇಳೋಕೂ ಬರದೆ ನಮ್ಮ ಮನೆಗೆ ಅಳಿಯ ಆಗಿ ಬಂದಿರಿ, ನಾವು ನಿಮ್ಮನ್ನ ಓಡಿಸಿದ್ವಾ?

ನಿಮಗೆ ಒಂದು ಮಾತು ಕೊಡ್ತೀನಿ. ಆ ಹುಳ ನಿಮ್ಮ ಹುಣಸೆಮರದ ಕಡೆ ಬರಲ್ಲ. ನಿಮ್ಮ ಊರಿನ ಆ ದಿಕ್ಕು, ಟಾರ್ ರಸ್ತೆ ದಾಟಿ, ಮಾರುತೇಶನ ಹೊಲದ ಸಾಲಿನಲ್ಲೇ ಇಡಿಸ್ತೀನಿ. ಅಕ್ಕನ ಪೆಟ್ಟಿಗೆ ನನಗೂ ಅಕ್ಕನ ಪೆಟ್ಟಿಗೆಯೇ.

ಚಳಿಗೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ.

ಓಬಳೇಶ


ನನ್ನಿವಾಳ
20 ಡಿಸೆಂಬರ್ 2023

ಶ್ರೀ ಓಬಳೇಶ, ಅಧ್ಯಕ್ಷರು,

ವಿತ್ ಡ್ಯೂ ರೆಸ್ಪೆಕ್ಟ್ ತಿಳಿಸುವುದೇನೆಂದರೆ, ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಾನು ರಾಜೀನಾಮೆ ಕೊಟ್ಟಿದ್ದೇನೆ. ಇಮ್ಮಿಡಿಯೇಟ್ ಎಫೆಕ್ಟ್. ಸಂಘದ ಸೀಲು, ಪ್ಯಾಡು, ಹೊಗೆ ಹಾಕೋ ತಿದಿ ಎರಡು, ಮುಖದ ಬಲೆ, ಎಲ್ಲ ಚೀಲದಲ್ಲಿ ಕಟ್ಟಿ ಇಟ್ಟಿದ್ದೇನೆ. ಯಾರನ್ನಾದರೂ ಕಳಿಸು, ಮಾರುತೇಶನನ್ನ ಬಿಟ್ಟು.

ಇಷ್ಟು ಆಫೀಸಿನ ಮಾತು. ಇನ್ನು ಮನೆ ಮಾತು.

ನನ್ನನ್ನ ಹುಳಕ್ಕೆ ಹೋಲಿಸಿದೆ. ಸಂತೋಷ. ಅಳಿಯ ಆಗಿ ಬಂದವನು ನಿಮ್ಮ ಮನೆಯ ಗಡಿಗೆ ಒಡೆದು ತಿನ್ನಲಿಲ್ಲ. ಮದುವೆ ಆದ ಹೊಸದರಲ್ಲಿ ನಿಮ್ಮಪ್ಪ ಮಗ್ಗದ ಗುಂಡಿಯಲ್ಲಿ ಕೂತೇ ನನ್ನನ್ನ ಮೇಲಿಂದ ಕೆಳಗೆ ನೋಡಿ ನಿಮ್ಮವ್ವನಿಗೆ ಏನೋ ಅಂದರು, ಎಲ್ಲರೂ ನಕ್ಕಿರಿ, ನೀನು ಚಡ್ಡಿ ಹಾಕಿಕೊಂಡಿದ್ದವನು ನೀನೂ ನಕ್ಕೆ. ಏನಂದರು ಅಂತ ನಿಮ್ಮಕ್ಕ ಕೊನೇವರೆಗೂ ನನಗೆ ಹೇಳಲಿಲ್ಲ. ನಮ್ಮವರು ಮಗ್ಗ ಬಿಟ್ಟು ಒಂದು ತಲೆಮಾರು ಆಗಿತ್ತು ನೋಡು, ಅದಕ್ಕೆ ಏನಾದರೂ ಅಂದಿರಬೇಕು. ನಾನು ಕೇಳೋದನ್ನೂ ಬಿಟ್ಟೆ. ಹೊರಗಿನವನು ಹೇಗಿರಬೇಕು ಅಂತ ನನಗೆ ಕಲಿಸಬೇಡ.

ಹುಳ ಇಲ್ಲದ ಸಂಘ ಅಂತ ಬರೆದಿದ್ದೀಯ. ಯಾಕೆ ಇಲ್ಲ? ಅವಳು ಹಂಚಿದ ಪೆಟ್ಟಿಗೆಗಳನ್ನ ಒಬ್ಬರಾದರೂ ವಾರಕ್ಕೊಂದು ಸಲ ತೆಗೆದು ನೋಡಿದಿರಾ? ಕಾಯಿಲೆ ಬಿದ್ದ ಮೇಲೂ ಅವಳು ಟಿವಿಎಸ್ ಮೇಲೆ ನನ್ನ ಹಿಂದೆ ಕೂತು ಊರೂರಿಗೆ ಬಂದು ನಿಮ್ಮ ಎರಿಗೆ ಹತ್ತಿದ ಹುಳುಕು ತೆಗೀತಿದ್ದಳು. ಅವಳು ಮಲಗಿದ ಮೇಲೆ ನಿಮ್ಮ ಪೆಟ್ಟಿಗೆ ಮಲಗಿದವು. ಈಗ ಲಾರಿಯಲ್ಲಿ ತರಿಸಿದರೆ ನೋಡಿಕೊಳ್ತೀರಾ? ಗಾಡ್ ನೋಸ್.

ನಾನು ಮೀಟಿಂಗಿಗೆ ಯಾಕೆ ಬರಲಿಲ್ಲ ಅಂತ ಕೇಳಿದೆಯಲ್ಲ. ಬಸ್ಸು ಇತ್ತು. ಹೊರಟಿದ್ದೆ ಕೂಡ. ಅವಳು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಮಾರುತೇಶ ಕೂರ್ತಾನೆ, ಅಷ್ಟೇ ಕಾರಣ. ನಗಲಿ ಬಿಡು.

ಇನ್ನು ಮೇಲೆ ಆ ಹುಳದ ವಿಷಯಕ್ಕೆ ನನ್ನನ್ನ ಏನೂ ಕೇಳಬೇಡ. ನೋ ಕರೆಸ್ಪಾಂಡೆನ್ಸ್.

ಎರ್ರಿಸ್ವಾಮಿ


ಮೊಳಕಾಲ್ಮೂರು
9 ಜನವರಿ 2024

ಭಾವನವರಿಗೆ,

ಕೇಳಬೇಡ ಅಂದಿರಿ. ಆದರೂ ಕೇಳ್ತಿದ್ದೀನಿ, ಬೇರೆ ಯಾರನ್ನ ಕೇಳಲಿ?

ಪೆಟ್ಟಿಗೆ ಬಂದವು. ಲಾರಿಯವನು ಮಾರುತೇಶನ ಬದುವಿನಲ್ಲಿ ಇಳಿಸಿದ, ಹಿಂದಿಯಲ್ಲಿ ಏನೇನೋ ಹೇಳಿದ, ನಮಗೆ ಅರ್ಧ ತಿಳಿಯಿತು, ಹೋಗಿಬಿಟ್ಟ. ಹುಳ ಚೆನ್ನಾಗಿವೆ. ದಪ್ಪಗೆ, ಬಂಗಾರದ ಬಣ್ಣ, ಕುಟುಕೋದೂ ಕಮ್ಮಿ. ಹೂವಿನ ಮೇಲೆ ಕೂತದ್ದನ್ನ ನೋಡಿ ಮಾರುತೇಶನ ಹೆಂಡತಿ ಅರಿಸಿನ ಕುಂಕುಮ ಇಟ್ಟಳು.

ಈಗ ಜಗಳ ಶುರು ಆಗಿದೆ. ಬೀಜದ ಹೊಲ ಇರೋ ಮಿಕ್ಕವರೆಲ್ಲ, ಸಂಘದ ಪೆಟ್ಟಿಗೆ ಮಾರುತೇಶನ ಹೊಲದಲ್ಲೇ ಯಾಕೆ, ನಮ್ಮ ಹೂವೇನು ಕಾಗದದ ಹೂವಾ ಅಂತ ಬಂದು ನಿಂತರು. ಕೊನೆಗೆ ಹಿರಿಯರು ಒಂದು ದಾರಿ ಹೇಳಿದರು. ಗೊಬ್ಬರಕ್ಕೆ ಕುರಿಮಂದೆಯನ್ನ ರಾತ್ರಿ ಹೊಲದಲ್ಲಿ ತರುಬ್ತಾರಲ್ಲ, ಇವತ್ತು ಇವರ ಹೊಲ, ನಾಳಿದ್ದು ಅವರ ಹೊಲ, ಹಂಗೆ ಪಾಳಿ ಮಾಡಿರಿ ಅಂದರು. ಒಂದೊಂದು ಹೊಲದಲ್ಲಿ ಎರಡು ರಾತ್ರಿ. ಕತ್ತಲಾದ ಮೇಲೆ ಬಾಗಿಲು ಮುಚ್ಚಿ, ಟ್ರ್ಯಾಕ್ಟರಿನಲ್ಲಿ ಹಾಕಿ, ಮುಂದಿನ ಹೊಲಕ್ಕೆ ಇಳಿಸೋದು. ಎಲ್ಲರಿಗೂ ಒಪ್ಪಿಗೆ ಆಯಿತು. ಜಗಳ ನಿಂತಿತು. ಕುರಿ ಕಂಡವರ ಊರು, ಇದಕ್ಕಿಂತ ನ್ಯಾಯ ಯಾವುದಿದೆ ಅಂತ ನನಗೂ ಅನ್ನಿಸಿತು.

ಆದರೆ ರಾತ್ರಿ ಮಲಗಿದಾಗ ಒಂದು ಅನುಮಾನ. ಪೆಟ್ಟಿಗೆ ಸರಿಸೋ ವಿಚಾರದಲ್ಲಿ ಅಕ್ಕ ಏನೋ ಒಂದು ಹೇಳ್ತಿದ್ದಳು, ಯಾರಿಗೋ ಬೈದಿದ್ದಳು ಕೂಡ. ಏನಂತ ನೆನಪಾಗವಲ್ದು. ನನ್ನ ಪೆಟ್ಟಿಗೆ ಮಾಳಿಗೆ ಮೇಲೆ ಇಟ್ಟದ್ದು ಇಟ್ಟಲ್ಲೇ ಇತ್ತು, ಸರಿಸೋ ಪ್ರಸಂಗವೇ ಬರಲಿಲ್ಲ. ನೀವು ಅವಳ ಜೊತೆ ಓಡಾಡಿದವರು. ಹುಳ ಹಿಡಿಯದಿದ್ದರೂ ಅವಳು ಹೇಳಿದ್ದೆಲ್ಲ ನಿಮ್ಮ ತಲೆಯಲ್ಲಿ ಇದೆ. ಹೀಗೆ ಪಾಳಿ ಮಾಡಿದರೆ ಹುಳಕ್ಕೆ ಏನಾದರೂ ತೊಂದರೆ ಇದೆಯಾ? ಇದ್ದರೆ ಒಂದು ಸಾಲು ಬರೀರಿ. ಸಿಟ್ಟು ಇದ್ದರೆ ಸಿಟ್ಟಿನಲ್ಲೇ ಬರೀರಿ.

ಸಂಕ್ರಾಂತಿ ಕಳೆದ ಮೇಲೆ ಪಾಳಿ ಶುರು. ಅಷ್ಟರೊಳಗೆ ನಿಮ್ಮ ಕಾಗದ ಬರದಿದ್ದರೆ ಅಡ್ಡಿ ಇಲ್ಲ ಅಂತ ತಿಳಕೊಳ್ತೀನಿ. ಯಾರ ಹೊಲ ಆದಮೇಲೆ ಯಾರ ಹೊಲ ಅನ್ನೋದೆಲ್ಲ ಬರೆದು ನಿಮ್ಮ ತಲೆ ತಿನ್ನಲ್ಲ.

ಓಬಳೇಶ


ನನ್ನಿವಾಳ
30 ಜನವರಿ 2024

ಪ್ರೀತಿಯ ಓಬಳೇಶನಿಗೆ,

ಹಬ್ಬ ಚೆನ್ನಾಗಿ ಆಯಿತು. ಕರಿಯಕ್ಕ ಬೇಲಿ ಮೇಲಿಂದ ಎಳ್ಳು ಬೆಲ್ಲ, ಅವರೆಕಾಳಿನ ಸಾರು ಕೊಟ್ಟಳು. ಪಕ್ಕದ ಹೊಲದವರು ಇರಬೇಕಾದ್ದು ಹಾಗೆ. ಅವಳೂ ಈ ಸಲ ಈರುಳ್ಳಿ ಬೀಜಕ್ಕೆ ಬಿಟ್ಟಿದ್ದಾಳೆ, ಹೂವಿನ ಚೆಂಡು ಬೆಳ್ಳಗೆ ಎದ್ದಿವೆ, ಬೆಳಿಗ್ಗೆ ನೋಡೋಕೆ ಚೆಂದ. ನಮ್ಮ ತುಡುವೆ ಮಾತ್ರ ಈರುಳ್ಳಿ ಹೂವಿಗೆ ಅಷ್ಟಾಗಿ ಹೋಗಲ್ಲ. ಬೇರೆ ಏನೂ ಇಲ್ಲದಾಗ ಹೋಗ್ತವೆ.

ನಿರ್ಮಲಾಳ ಪೆಟ್ಟಿಗೆ ಭರ್ತಿ ಇದೆ. ನಿನ್ನೆ ಮುಚ್ಚಳ ತೆಗೆದು ನೋಡಿದೆ, ಅವಳ ಹಾಗೆ ಬರಿಗೈಯಲ್ಲಿ ಅಲ್ಲ, ಪ್ಲಾಸ್ಟಿಕ್ ಚೀಲ ಕೈಗೆ ಕಟ್ಟಿಕೊಂಡು. ಹೊಸ ಎರಿ ಕಟ್ಟಿವೆ. ಹೊಂಗೆ ಹೂವು ಬಿಡೋ ಹೊತ್ತಿಗೆ ಎರಡು ಕುಟುಂಬ ಮಾಡಬಹುದು ಅಂತ ನನ್ನ ಅಂದಾಜು. ಮಾಡಿದರೆ ಒಂದು ನಿನಗೆ. ಸಿಟ್ಟೆಲ್ಲ ಎಷ್ಟು ದಿನ?

ನಿನ್ನ ಕಾಗದ ಒಂದು ಬಂದ ಹಾಗಿತ್ತು. ಹಬ್ಬದ ಗಡಿಬಿಡಿ, ಕನ್ನಡಕದ ಕಾಲು ಬೇರೆ ಮುರಿದಿತ್ತು, ಎಲ್ಲಿಟ್ಟೆನೋ. ಅರ್ಜೆಂಟ್ ಏನೂ ಇರಲಿಕ್ಕಿಲ್ಲ ಅಂತ ಅಂದುಕೊಂಡೆ. ಟ್ರ್ಯಾಕ್ಟರು ದಿನ ಬಿಟ್ಟು ದಿನ ಓಡಾಡ್ತಾ ಐತೆ, ಪೆಟ್ಟಿಗೆ ಮೆರವಣಿಗೆ ಹೊರಟವೆ ಅಂತ ಅಂಗಡಿ ಕಟ್ಟೆಯಲ್ಲಿ ಹೇಳ್ತಿದ್ದರು. ರಸ್ತೆಯ ಆ ಕಡೆ ಅಲ್ಲವಾ, ನಾನು ಆ ಕಡೆ ಹೋಗಲ್ಲ. ಲೆಟ್ ದೆಮ್ ಎಂಜಾಯ್.

ಮುಂದಿನ ವಾರ ಗೌರಸಮುದ್ರಕ್ಕೆ ಹೋಗ್ತೀನಿ, ನಮ್ಮ ದೊಡ್ಡಪ್ಪನ ಮೊಮ್ಮಗಳ ನಿಶ್ಚಿತಾರ್ಥ. ಎರಡು ಮೂರು ದಿನ ಇದ್ದು ಬರ್ತೀನಿ. ಮೌನಿಕಾಗೆ ಕೇಳಿದೆ ಅಂತ ಹೇಳು. ಕೈ ಮುಗಿಯೋ ಬೊಂಬೆ ಇಲ್ಲಿ ಬರೆಯೋಕೆ ಬರಲ್ಲ.

ನಿನ್ನ ಭಾವ,
ಎರ್ರಿಸ್ವಾಮಿ


ಮೊಳಕಾಲ್ಮೂರು
12 ಫೆಬ್ರವರಿ 2024

ಭಾವ,

ಹುಳ ಹೋದವು.

ನಾಲ್ಕನೇ ಹೊಲಕ್ಕೆ ಹೋಗೋ ಹೊತ್ತಿಗೇ ಪೆಟ್ಟಿಗೆ ಎತ್ತಿದರೆ ಹಗುರ ಅನ್ನಿಸ್ತಿತ್ತಂತೆ. ನನಗೆ ಹೇಳಲಿಲ್ಲ. ಮಾರುತೇಶ ಮೊನ್ನೆ ಫೋನು ಮಾಡಿ, "ಅಣ್ಣ, ನನ್ನ ಬದುವಿನಾಗೆ ಪೆಟ್ಟಿಗೆ ಇಟ್ಟಿದ್ದ ಕಲ್ಲಿನ ಮ್ಯಾಲೆ ಹುಳ ರಾಶಿ ಬಿದ್ದಾವೆ" ಅಂದ. ಪೆಟ್ಟಿಗೆ ಅಲ್ಲಿಂದ ಹೋಗಿ ಎಷ್ಟು ದಿನ ಆಗಿತ್ತು! ಮಗ್ಗ ಬಿಟ್ಟು ಬಂದು ನೋಡಿದೆ. ಬರೀ ಕಲ್ಲು, ಅದರ ಮೇಲೆ ಸತ್ತ ಹುಳದ ಪದರ, ಮೇಲೆ ಒಂದೆರಡು ಇನ್ನೂ ರೆಕ್ಕೆ ಆಡಿಸ್ತಿದ್ದವು. ಪಾಳಿಯ ಪ್ರತಿ ಹೊಲದಲ್ಲೂ ಇದೇ. ಎಲ್ಲಿ ಎರಡು ರಾತ್ರಿ ಇಟ್ಟಿದ್ದೆವೋ ಅಲ್ಲೆಲ್ಲ ಒಂದೊಂದು ರಾಶಿ. ಹಗಲು ಮೇಯೋಕೆ ಹೋದವು ಹಳೇ ಜಾಗಕ್ಕೇ ವಾಪಸ್ಸು ಬಂದು ಮನೆ ಹುಡುಕಿ ಹುಡುಕಿ ಸತ್ತವೆ.

ಆ ಕಲ್ಲಿನ ಮುಂದೆ ಕೂತಾಗ ನೆನಪಾಯಿತು ಅಕ್ಕ ಹೇಳಿದ್ದು. ಪೆಟ್ಟಿಗೆ ಸರಿಸಿದರೆ ಒಂದು ಮೊಳ ಸರಿಸು, ಇಲ್ಲಾ ಗುಡ್ಡ ದಾಟಿಸು, ನಡುವೆ ಎಲ್ಲೂ ಇಡಬೇಡ. ಇಷ್ಟು ಸಣ್ಣ ಮಾತು ಭಾವ.

ನಿಮಗೆ ನೆನಪಿರಲಿಲ್ಲವಾ? ಟಪಾಲಿನ ಅಜ್ಜಪ್ಪನನ್ನ ಕೇಳಿದೆ, ಸಂಕ್ರಾಂತಿಗೆ ಮುಂಚೆಯೇ ನಿಮ್ಮ ಕೈಗೇ ಕೊಟ್ಟೆ, ಅಲ್ಲೇ ನಿಂತು ಒಡೆದು ಓದಿದರು ಅಂದ. ಕನ್ನಡಕ ಹಾಕಿಕೊಂಡಿದ್ದರು ಅಂತಲೂ ಅಂದ. ನಾನು ಬೇರೇನೂ ಕೇಳಲ್ಲ.

ನನ್ನದೂ ಒಂದಿದೆ. ಕೊಟ್ಟ ಮಾತು ಮುರಿದೆ. ಪಾಳಿಯಲ್ಲಿ ಕರಿಯಕ್ಕನ ಹೊಲವೂ ಇತ್ತು. ಒಂಟಿ ಹೆಂಗಸು, ಸಂಘದವಳು, ಅವಳೊಬ್ಬಳನ್ನ ಬಿಟ್ಟರೆ ನ್ಯಾಯ ಎಲ್ಲಿ ಅಂತ ಎಲ್ಲರೂ ಹಿಡಿದರು. ನಿಮಗೆ ಗೊತ್ತಾದರೆ ತಕರಾರು ತೆಗೀತೀರಿ ಅಂತ, ಭಾವಂಗೆ ಹೇಳಬೇಡ ಅಂದೆ ಅವಳಿಗೆ. ನೀವು ಗೌರಸಮುದ್ರಕ್ಕೆ ಹೋದ ದಿನಗಳನ್ನ ನೋಡಿಯೇ ಅವಳ ಪಾಳಿ ಹಾಕಿದೆ. ನೀವು ಬರೋದರೊಳಗೆ ಎತ್ತಿಸಿದೆ. ಅಕ್ಕನ ಪೆಟ್ಟಿಗೆ ಹೇಗಿದೆ? ಅದನ್ನ ಬರೀರಿ ಮೊದಲು.

ಮೀಟಿಂಗ್ ಆಯಿತು. ನಿಮ್ಮ ಮಾತೇ ನಿಂತಿತು. ಹೊರಗಿನ ಹುಳ ಇನ್ನು ಯಾವತ್ತೂ ಬೇಡ ಅಂತ ಎಲ್ಲರೂ ಕೈ ಎತ್ತಿದರು, ಮಾರುತೇಶನೂ ಎತ್ತಿದ. ಡಿಪಾರ್ಟ್‌ಮೆಂಟಿಗೆ ಒಂದು ವರದಿ ಇಂಗ್ಲಿಷಿನಲ್ಲಿ ಕಳಿಸಬೇಕು. ಇಟಲಿ ಹುಳಕ್ಕೆ ನಮ್ಮ ಸೀಮೆ ಒಗ್ಗಲಿಲ್ಲ, ಬಿಸಿಲಿಗೆ ಸತ್ತವು, ಅಂತ ಬರೆಯಬೇಕಂತೆ. ಪಾಳಿ ವಿಚಾರ ಬೇಡ, ನಗ್ತಾರೆ ಅಂದರು. ನೀವೇ ಬರೆಯಬೇಕು ಅಂತ ಎಲ್ಲರ ಆಸೆ. ನಿಮ್ಮನ್ನ ಮತ್ತೆ ಕಾರ್ಯದರ್ಶಿ ಮಾಡಿದ್ದಾರೆ. ನಾನು ಅಧ್ಯಕ್ಷ ಸ್ಥಾನ ಬಿಟ್ಟೆ.

ಓಬಳೇಶ


ನನ್ನಿವಾಳ
18 ಫೆಬ್ರವರಿ 2024

ಓಬಳೇಶ,

ಕಾಗದ ಬಂದಿತ್ತು. ಕನ್ನಡಕವೂ ಇತ್ತು.

ಅಜ್ಜಪ್ಪ ಬಾಗಿಲಲ್ಲಿ ನೀರು ಕುಡೀತಾ ನಿಂತಿದ್ದ. ನಾನು ಓದಿದೆ. ಒಂದು ಮೊಳ, ಇಲ್ಲಾ ಗುಡ್ಡ. ನಿನಗೆ ನೆನಪಾಗದ್ದು ನನಗೆ ಮೊದಲನೇ ಸಾಲಿಗೇ ನೆನಪಾಯಿತು. ಅವಳು ಯಾರಿಗೋ ಬೈದಿದ್ದಳು ಅಂದೆಯಲ್ಲ, ನನಗೇ. ಪೆಟ್ಟಿಗೆಗೆ ಬಿಸಿಲು ಬೀಳುತ್ತೆ ಅಂತ ಒಂದು ಸಲ ಬಾವಿ ಕಡೆಗೆ ಒಯ್ದು ಇಟ್ಟಿದ್ದೆ. ಸಂಜೆಗೆ ಹಳೇ ಜಾಗದಲ್ಲಿ ಹುಳ ಗುಂಪು ಕಟ್ಟಿಕೊಂಡು ಗಾಳಿಯಲ್ಲೇ ತಿರುಗ್ತಾ ಇದ್ದವು. ಅವಳು ಪೆಟ್ಟಿಗೆಯನ್ನ ಎತ್ತಿ ವಾಪಸ್ಸು ತಂದು ಇಟ್ಟು, "ನಿನ್ನನ್ನ ಯಾರಾದರೂ ಹೀಗೆ ಮಾಡಿದರೆ ಗೊತ್ತಾಗುತ್ತೆ" ಅಂದಳು. 

ಅಂಥವನು ಸುಮ್ಮನೆ ಕೂತೆ. ಪೆನ್ನು ತೆಗೆದಿದ್ದೆ. "ಮೈ ಡಿಯರ್ ಓಬಳೇಶ, ಡೋಂಟ್" ಅಂತ ಬರೆದೂ ಇದ್ದೆ. ಆಮೇಲೆ ಮಾರುತೇಶ ಅಂಗೈಯಲ್ಲಿ ಚೆಂಡು ಹಿಸುಕಿ ಊದಿದ್ದು, "ಒಂದು ಡಬ್ಬ" ಅಂದದ್ದು, ನೀನು ನಕ್ಕದ್ದು ಕಣ್ಣಿಗೆ ಬಂತು. ನೀನು ನಕ್ಕೆ ಅಂತ ನೀನು ಬರೆದಿರಲಿಲ್ಲ. ನಕ್ಕೇ ಇರ್ತೀಯ. ಕೇಳಬೇಡ ಅಂದಿದ್ದೇನಲ್ಲ, ಕೇಳಿದ್ದು ನಿನ್ನ ತಪ್ಪು ಅಂದುಕೊಂಡೆ. ಹುಳ ಸಾಯಲಿ, ಆವಾಗ ತಿಳಿಯುತ್ತೆ ಯಾರು ಹೇಳಿದ್ದು ಸರಿ ಅಂತ. ಒಳ್ಳೆ ಸಂಕ್ರಾಂತಿ ಮಾಡಿದೆ ಈ ವರ್ಷ, ಹೊಟ್ಟೆ ತುಂಬ ಉಂಡೆ.

ಈಗ ನೀನು ಕೇಳಿದ್ದಕ್ಕೆ ಬರ್ತೀನಿ.

ಗೌರಸಮುದ್ರದಿಂದ ಬಂದು ಬಸ್ಸಿಳಿದು ಹಿತ್ತಲಿಗೆ ಹೋದೆ. ಕರಿಯಕ್ಕನ ಹೊಲದಿಂದ ಪೆಟ್ಟಿಗೆ ಹೋಗಿದ್ದವು, ಹುಳ ಉಳಿದಿದ್ದವು. ಅವಕ್ಕೆ ಮನೆ ಅಂದರೆ ಆ ಜಾಗ. ಮನೆ ಇಲ್ಲ. ಬೇಲಿ ದಾಟಿದರೆ ಜೇನಿನ ವಾಸನೆ. ಅವು ತಾನೇ ಏನು ಮಾಡಿಯಾವು? ಹುಣಸೆ ಕೆಳಗೆ ಗಿರಣಿಯಂಥ ಸದ್ದು, ಕಿವಿಯ ಯಂತ್ರ ಇಲ್ಲದೆ ನನಗೂ ಕೇಳಿಸಿತು. ಬಾಗಿಲ ಹಲಗೆ ಮೇಲೆ ನಮ್ಮವು ಒತ್ತೊತ್ತಾಗಿ ನಿಂತು ಮೈ ನಡುಗಿಸ್ತಾ ಇದ್ದವು, ಅಡ್ಡ ನಿಂತು. ಒಂದೊಂದು ಇಟಲಿ ಹುಳಕ್ಕೆ ನಮ್ಮವು ಐದಾರು ಕಚ್ಚಿಕೊಂಡು ಉರುಳ್ತಿದ್ದವು. ಕೆಳಗೆ ಕಲ್ಲಿನ ಮೇಲೆ ಮೇಣದ ಪುಡಿ, ಹಿಟ್ಟು ಚೆಲ್ಲಿದ ಹಾಗೆ. ಎರಿ ಹರಿದು ಜೇನು ಎತ್ತುತ್ತಿದ್ದವು. ನಾನು ಬಾಗಿಲಿಗೆ ಹಸಿ ಬಟ್ಟೆ ತುರುಕಿದೆ, ಹೊಗೆ ಹಾಕೋಣ ಅಂದರೆ ತಿದಿ ನೀವು ಒಯ್ದಿದ್ದಿರಿ. ಹೊಂಗೆ ಸೊಪ್ಪು ಸುಟ್ಟೆ. ಕರಿಯಕ್ಕ ಬೇಲಿ ಆಚೆಯಿಂದ, "ಎರ್ರಿಸ್ವಾಮಣ್ಣ, ನಂಗೊತ್ತಿರಲಿಲ್ಲಪ್ಪ, ದೇವರಾಣೆ ಗೊತ್ತಿರಲಿಲ್ಲ" ಅಂತ ಅಳ್ತಾ ನಿಂತಿದ್ದಳು.  ಗೊತ್ತಿದ್ದವನು ನಾನೊಬ್ಬನೇ.

ಮಾರನೇ ದಿನ ಬೆಳಿಗ್ಗೆ ಉಳಿದ ತುಡುವೆ ಒಂದೇ ಸಲಕ್ಕೆ ಎದ್ದವು. ಹಿಡಿಯಷ್ಟು ಹುಳ, ನಡುವೆ ರಾಣಿ ಇತ್ತೋ ಇಲ್ಲವೋ ಕಾಣಲಿಲ್ಲ. ಹುಣಸೆ ಮರದ ಸುತ್ತ ಎರಡು ಸುತ್ತು ಬಂದು ಹಳ್ಳದ ಕಡೆ ಹೋದವು. ಹಿಂದೆ ಓಡಿದೆ. ಈ ಮೊಣಕಾಲಿನಲ್ಲಿ ಎಷ್ಟು ಓಡ್ತೀನಿ. ಕರೆಯೋಣ ಅಂತ ಬಾಯಿ ತೆಗೆದೆ, ನಿಮ್ಮ ತೆಲುಗಿನಲ್ಲಿ ಆ ಮಾತು ನನ್ನ ಬಾಯಿಗೆ ಹೊರಳಲಿಲ್ಲ. ಆ ಹುತ್ತಕ್ಕೂ ಹೋಗಿ ನೋಡಿ ಬಂದೆ. ಜೆಸಿಬಿ ಬಂದು ಯಾವಾಗಲೋ ಹುತ್ತ ಸಮ ಮಾಡಿ ಹೋಗಿದೆ.

ಇನ್ನು ನಿನ್ನ ವರದಿ. ಬರೆಯಲ್ಲ. ಬಿಸಿಲಿಗೆ ಸಾಯಲಿಲ್ಲ, ಸೀಮೆ ಒಗ್ಗದೆಯೂ ಸಾಯಲಿಲ್ಲ. ನೀವು ಕುರಿ ಅಂದುಕೊಂಡಿರಿ, ನಾನು ಕುರಿ ಅಲ್ಲ ಅಂತ ಗೊತ್ತಿದ್ದೂ ಸುಮ್ಮನಿದ್ದೆ. ಇದನ್ನ ಇಂಗ್ಲಿಷಿನಲ್ಲಿ ಬರೆಯೋದಾದರೆ ಬರೀತೀನಿ, ನನಗೆ ಬರೋ ಇಂಗ್ಲಿಷಿನಲ್ಲಿ. ಬೇಡ ಅಂದರೆ ಮಾರುತೇಶನೇ ಬರೆಯಲಿ. ನಾಳೆ ಯಾವನೋ ಇನ್ನೊಂದು ಊರಿನವನು ಆ ಹುಳ ತರಬೇಕೋ ಬೇಡವೋ ಅಂತ ನಮ್ಮ ವರದಿ ತೆಗೆದು ಓದಿದರೆ, ಅವನಿಗೆ ಸುಳ್ಳು ಸಿಗಬಾರದು. ಆ ಹುಳ ಬೇಡ ಅಂತ ಈಗಲೂ ಹೇಳ್ತೀನಿ. ಆದರೆ ಬೇಡ ಅನ್ನೋದಕ್ಕೆ ಈ ಹೆಣ ತೋರಿಸಲ್ಲ. ಈ ಕಾಗದವನ್ನ ಮೀಟಿಂಗಿನಲ್ಲಿ ಓದು. ನಿನ್ನದು ಬಿಟ್ಟು ನನ್ನದು ಮಾತ್ರ ಓದಬೇಡ, ಎರಡೂ ಓದು. ನೀನು ಕರಿಯಕ್ಕನ ಹೆಸರು ಬರೆದಿದ್ದರೆ ನಾನು ಗೌರಸಮುದ್ರಕ್ಕೇ ಹೋಗದೆ ನಿನ್ನ ಟ್ರ್ಯಾಕ್ಟರಿಗೆ ಅಡ್ಡ ಮಲಗ್ತಿದ್ದೆ. ನಾನು ಒಂದು ಸಾಲು ಬರೆದಿದ್ದರೆ ನೀನು ಟ್ರ್ಯಾಕ್ಟರೇ ತರ್ತಿರಲಿಲ್ಲ. ಮಾರುತೇಶನ ಬದುವಿನ ಆ ರಾಶಿ, ಈ ಪೆಟ್ಟಿಗೆ, ಎರಡನ್ನೂ ತಡೆಯಬಹುದಾಗಿದ್ದವರು ನಾವಿಬ್ಬರೇ.

ಕಾರ್ಯದರ್ಶಿ ಕೆಲಸ ಬೇಡ. ನೀನು ಬರೋದೂ ಬೇಡ ಸದ್ಯಕ್ಕೆ. ನಿನ್ನ ಮುಖ ನಿಮ್ಮಕ್ಕನ ಮುಖ.

ಒಂದು ಹೇಳೋದು ಮರೆತೆ. ಪೆಟ್ಟಿಗೆ ಖಾಲಿ ಇಲ್ಲ. ಆ ಇಟಲಿ ಹುಳಗಳಲ್ಲಿ ಬದುಕಿದವು ಒಳಗೆ ಸೇರಿಕೊಂಡು ಅವಳ ಹರಿದ ಎರಿ ಮೇಲೆ ಕೂತಿವೆ. ರಾಣಿ ಇಲ್ಲ, ಮರಿ ಇಲ್ಲ. ಹೂವೂ ಮುಗೀತು. ಎಷ್ಟು ದಿನ ಇರ್ತಾವೋ. ಮೊನ್ನೆ ಸೀಮೆಎಣ್ಣೆ ಡಬ್ಬಿ ಹಿಡಕೊಂಡು ಹೋದೆ. ಮುಚ್ಚಳ ತೆಗೆದೆ. ಎಲ್ಲವೂ ಒಂದೇ ಸಲ ತಲೆ ಎತ್ತಿ ನೋಡಿದವು, ಅಥವಾ ನನಗೆ ಹಾಗೆ ಕಂಡಿತು. ಡಬ್ಬಿ ವಾಪಸ್ಸು ತಂದು ಇಟ್ಟೆ. ದಿನಾ ಒಂದು ತಟ್ಟೆಯಲ್ಲಿ ನೀರು ಇಡ್ತಿದ್ದೀನಿ, ಮುಳುಗದ ಹಾಗೆ ಎರಡು ಹೆಂಚಿನ ಚೂರು ಹಾಕಿ. ಸಾಯೋದಾದರೂ ಬಾಯಾರಿ ಸಾಯೋದು ಬೇಡ. ಯಾಕೆ ಇಡ್ತೀನಿ ಅಂತ ಕೇಳಬೇಡ. ಇವತ್ತಿನದು ಇನ್ನೂ ಇಟ್ಟಿಲ್ಲ, ನಿನಗೆ ಬರೀತಾ ಕೂತುಬಿಟ್ಟೆ. ಅಕ್ಷರ ಒಂದರ ಮೇಲೊಂದು ಬೀಳ್ತಾ ಇವೆ, ಕನ್ನಡಕ ಒರೆಸಿದರೂ ಹಾಗೇ. ಬೆಳಕು ಹೋಗ್ತಾ ಐತೆ.